ಬ್ಯಾರನ್ ಮೂಲೆಯ ರೋಡ್‌ಕಿಂಗ್

ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿ, ಹುಣಸೂರು–ಕೋಟೆ ಸೀಮೆಯ ಕೆಸರಿನಲ್ಲಿ ದುಡಿದ ಬೈಕು ಯೆಜ್ಡಿ. ಕಾರ್ಖಾನೆ ಬಾಗಿಲು ಹಾಕಿ ಸುಮಾರು ಮೂರು ದಶಕ. ಗಾಡಿ ಮಾತ್ರ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಮೂಲೆಯಲ್ಲಿ ಇನ್ನೂ ನಿಂತಿದೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದವರೂ ಅದನ್ನು ಎಬ್ಬಿಸಬಹುದು. ಷರತ್ತು ಒಂದೇ: ಬಣ್ಣದ ಡಬ್ಬಿ ಮುಟ್ಟುವ ಮೊದಲು ಉಸಿರು ಸರಿಮಾಡಿ!

ಪುನರ್ವಸು ಮಳೆ ಜಡಿ ಹಿಡಿದು ಕೂತಿತ್ತು. ಗುರುಪುರದ ಆಚೆ, ಸೋದರಮಾವನ ಹೊಲದಲ್ಲಿ ಈ ಹಂಗಾಮಿನ ಮೊದಲ ಬ್ಯಾರನ್‌ಗೆ ಬೆಂಕಿ ಬಿದ್ದಿತ್ತು. ಸೌದೆ ಒಲೆಯ ಬಾಯಿಂದ ಸರಳು ಹಾಕಿ ನಾನು ಈಚೆಗೆಳೆದದ್ದು ಕೆಂಪಗೆ ಕಾದ ಒಂದು ಕೊಳವೆ. ಚಪ್ಪಡಿ ಕಲ್ಲಿನ ಮೇಲೆ ಕುಟ್ಟಿದರೆ ಎಷ್ಟೋ ವರ್ಷದ ಕರಿ ಚಕ್ಕೆ ಚಕ್ಕೆಯಾಗಿ ಉದುರಿತು.

“ಸೊಪ್ಪು ಬೇಯ್ಸೋ ಒಲೇಲಿ ಸೈಲೆನ್ಸರ್ ಬೇಯಿಸ್ತಾ ಕೂತಿದ್ದೀಯಲ್ಲೋ!” ಮಾವ ಬಾಗಿಲಲ್ಲೇ ನಿಂತು ಗದರಿದರು.

“ಸೊಪ್ಪಿಗೆ ಹೊಗೆ ತಾಗಲ್ಲ ಮಾವ. ಅದು ಕೊಳವೇಲೇ ಹೋಗುತ್ತೆ.”

“ನಂಗೇ ಹೇಳ್ಕೊಡ್ತೀಯಾ? ಇನ್ನೊಂದೆಲ್ಲಿ? ಅದನ್ನೂ ಹಾಕು. ಎರಡು ಸೈಲೆನ್ಸರ್ ಕಣೋ ಅದಕ್ಕೆ.”

ಹೌದು, ಎರಡು. ಸಿಲಿಂಡರ್ ಒಂದೇ, ಹೊಗೆ ಹೋಗುವ ದಾರಿ ಎರಡು. ಎಡಕ್ಕೊಂದು, ಬಲಕ್ಕೊಂದು. ಎಂಬತ್ತರ ದಶಕದಲ್ಲಿ ಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಮಾವ ತಂದ ಯೆಜ್ಡಿ ರೋಡ್‌ಕಿಂಗ್ ಅದು. ಯೂರಿಯಾ ಮೂಟೆ ಹೊತ್ತಿದೆ, ಹಾಲಿನ ಕ್ಯಾನು ಹೊತ್ತಿದೆ, ಬಸುರಿ ಅತ್ತೆಯನ್ನು ಹುಣಸೂರು ಆಸ್ಪತ್ರೆಗೂ ಹೊತ್ತಿದೆ. ಆಮೇಲೆ ಬ್ಯಾರನ್ ಮೂಲೆ ಸೇರಿ ಕೋಳಿಗಳಿಗೆ ಅಟ್ಟಣೆಯಾಯಿತು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ಮಂದಿಗೆ ಹಬ್ಬ. ಅಂತರರಾಷ್ಟ್ರೀಯ ಜಾವಾ ದಿನ ಅಂತ ಅದಕ್ಕೆ ಹೆಸರೂ ಇದೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಫಳಫಳಿಸುವ ಕ್ರೋಮ್ ಟ್ಯಾಂಕುಗಳ ಸಾಲು ನಿಲ್ಲುತ್ತದೆ. ನೀಲಿ ಹೊಗೆ, ಫೋಟೊ, ಸೆಲ್ಫಿ. ಚೆಂದವೇ. ಆದರೆ ಈ ಬರಹ ಆ ಸಾಲಿನಲ್ಲಿ ನಿಲ್ಲದ ಗಾಡಿಗಳದ್ದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕೊಟ್ಟಿಗೆಗಳಲ್ಲಿ ಗೊಬ್ಬರದ ಚೀಲ ಹೊದ್ದು ನಿಂತವುಗಳದ್ದು.

ಪಕ್ಕದೂರಿನ ಕಾರ್ಖಾನೆ

ಹುಣಸೂರಿನಿಂದ ಮೈಸೂರು ಸುಮಾರು 45 ಕಿ.ಮೀ. ಅಲ್ಲಿನ ಯಾದವಗಿರಿಯಲ್ಲಿ 1960ರಲ್ಲಿ ರುಸ್ತುಂ ಇರಾನಿ, ಫರ್ರೋಖ್ ಇರಾನಿ ಸೇರಿ ‘ಐಡಿಯಲ್ ಜಾವಾ’ ಕಂಪನಿ ಕಟ್ಟಿದರು. ವಿದೇಶಿ ಬೈಕುಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ್ದ ಕಾಲ. ತರಿಸಿ ಮಾರುವುದು ಕಷ್ಟವಾದಾಗ ಇಲ್ಲೇ ಮಾಡೋಣ ಎಂದು ಹೊರಟವರು ಅವರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು.

ಮೂಲ ಜಾವಾ ಪ್ರಾಗ್ ನಗರದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡು ಶುರುಮಾಡಿದ್ದು. ಅವರ 250 ಸಿಸಿ ಗಾಡಿಯೇ ಮೈಸೂರಿನಲ್ಲಿ ತಯಾರಾಯಿತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಆಗಿನ ಲೆಕ್ಕಕ್ಕೆ 16 ಅಶ್ವಶಕ್ತಿ ಎಂದರೆ ಊರ ಹುಡುಗರ ಕಣ್ಣು ಅರಳಿಸುವಷ್ಟು.

ಈ ಸೀಮೆಗೆ ಅದು ಬೇರೆ ಊರಿನ ಗಾಡಿಯಾಗಿರಲಿಲ್ಲ. ನೆಂಟರಲ್ಲಿ ಯಾರಾದರೊಬ್ಬರು ಕಾರ್ಖಾನೆಯಲ್ಲಿ ಕೆಲಸಕ್ಕಿರುತ್ತಿದ್ದರು, ಇಲ್ಲವೇ ಕೆಲಸಕ್ಕಿದ್ದವರ ಪರಿಚಯದವರು ಇರುತ್ತಿದ್ದರು. ‘ಜಾವಾ ಫ್ಯಾಕ್ಟ್ರೀಲಿ ಕೆಲಸ’ ಎಂದರೆ ಹೆಣ್ಣು ಕೊಡುವವರು ಎರಡನೇ ಮಾತಾಡುತ್ತಿರಲಿಲ್ಲ.

1985ರಲ್ಲಿ ಹೀರೊ ಹೋಂಡಾದ ಫೋರ್ ಸ್ಟ್ರೋಕ್ ಗಾಡಿ, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂದವು. ಒಂದು ಪೆಟ್ರೋಲು ಉಳಿಸಿತು, ಇನ್ನೊಂದು ಓಟದಲ್ಲಿ ಸೋಲಿಸಿತು. ನಡುವೆ ಸಿಕ್ಕ ಯೆಜ್ಡಿ ಸೊರಗಿತು. ಹೊಗೆ ನಿಯಮಗಳು ಬಿಗಿಯಾದವು, ಕಾರ್ಮಿಕ ತಕರಾರು ಸೇರಿಕೊಂಡಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

> ಕೆಸರಿನ ಕುಲಗೋತ್ರ
>
> ● ಜಾವಾದ ದಾಯಾದಿ ಕಂಪನಿ ಸೀಜೆಡ್. ಅದರ 250 ಸಿಸಿ ಟೂ ಸ್ಟ್ರೋಕ್ ಏರಿ ಬೆಲ್ಜಿಯಂನ ಜೋಯೆಲ್ ರೊಬೇರ್ 1964, 1968, 1969ರಲ್ಲಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದರು. ರೋಡ್‌ಕಿಂಗ್‌ನ ಮೈಕಟ್ಟಿನಲ್ಲಿ ಆ ಬೈಕುಗಳ ಛಾಯೆ ಇದೆ.
>
> ● ಕಾಡುಮೇಡು ಅಲೆಯುವ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆ 1913ರಿಂದ ನಡೆಯುತ್ತಿದೆ. 1970ರಿಂದ 1974ರವರೆಗೆ ಸತತ ಐದು ವರ್ಷ ಅದರ ಮುಖ್ಯ ಟ್ರೋಫಿ ಚೆಕೊಸ್ಲೊವಾಕಿಯಾದ ಪಾಲು.
>
> ● ರಸ್ತೆಗೂ ಸೈ, ಕಾಡುಹಾದಿಗೂ ಸೈ ಎನ್ನುವ ‘ಟ್ರೈಲ್ ಬೈಕ್’ ಜಗತ್ತಿನಲ್ಲಿ ಜನಪ್ರಿಯವಾದದ್ದು ಯಮಹಾದ ಡಿಟಿ-1ರಿಂದ. 250 ಸಿಸಿ ಟೂ ಸ್ಟ್ರೋಕ್, ಬಂದದ್ದು 1968ರಲ್ಲಿ.

ನಮ್ಮಲ್ಲಿ ಆಗ ಟ್ರೈಲ್ ಬೈಕ್ ಎಂಬ ಜಾತಿಯೇ ಇರಲಿಲ್ಲ. ಇದ್ದ ಗಾಡಿಯನ್ನೇ ಹಾದಿ ಪಳಗಿಸಿತು. ಬಂಡಿ ಜಾಡು, ನಾಲೆ ಏರಿ, ಗದ್ದೆ ಬದು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಮಾವನ ಯೆಜ್ಡಿಗೆ ಮುಂದಿನ ಮಡ್‌ಗಾರ್ಡ್ ಇಲ್ಲ. ಕಪ್ಪು ಮಣ್ಣು ತುಂಬಿ ಚಕ್ರ ಕಚ್ಚಿಕೊಳ್ಳುತ್ತದೆಂದು ಅದನ್ನು ಬಿಚ್ಚಿ ಎಸೆದದ್ದು ಮಾವನೇ. ಪೇಟೆಯ ಹುಡುಗರು ಇಂದು ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ‘ಸ್ಕ್ರಾಂಬ್ಲರ್’ ವೇಷವನ್ನು ಇಲ್ಲಿನ ರೈತರು ಬಿಟ್ಟಿಯಾಗಿ, ಬೇರೆ ದಾರಿಯಿಲ್ಲದೆ ಮಾಡಿಕೊಂಡಿದ್ದರು.

ಹಾಗಾಗಿ ರಿಪೇರಿಗೆ ಕೂತಾಗ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಇದು ಮತ್ತೆ ಹೊಲಕ್ಕೆ ಹೋಗಬೇಕು. ಶೋಕೇಸಿಗಲ್ಲ.

ಬಿಚ್ಚುವ ಮೊದಲು

ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಇಂಜಿನ್ನಿನ ಮೊದಲ ಕಾಯಿಲೆ ಪಿಸ್ಟನ್ ಕಚ್ಚಿಕೊಂಡಿರುವುದು. ಕಿಕ್ಕರ್ ಮೇಲೆ ನಿಂತು ಕುಣಿದರೂ ಕದಲುವುದಿಲ್ಲ. ಆಗ ಜೋರು ತೋರಿಸುವವನಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಕಿಕ್ಕರಿನ ಹಲ್ಲು ಸವೆಯುತ್ತದೆ.

ಮಾಡಬೇಕಾದ್ದು ಇಷ್ಟೆ. ಪ್ಲಗ್ ಬಿಚ್ಚಿ. ಆ ತೂತಿನಿಂದ ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಹುಯ್ಯಿರಿ. ಬಿಟ್ಟುಬಿಡಿ. ಮಾರನೇ ದಿನ ಮತ್ತಷ್ಟು ಹುಯ್ಯಿರಿ. ಆಮೇಲೆ ಗಾಡಿಯನ್ನು ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಹಗುರಾಗಿ ಜಗ್ಗಿ. ಒಂದು ಹೊತ್ತಿನಲ್ಲಿ ‘ಟಕ್’ ಎಂದು ಸಡಿಲವಾಗುತ್ತದೆ. ಆ ಸದ್ದು ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಎರಡನೆಯ ಸಂಗತಿ ಮೊಬೈಲು. ಪ್ರತಿ ನಟ್ಟು ಬಿಚ್ಚುವ ಮುನ್ನ ಒಂದು ಫೋಟೊ. ವೈರಿನ ಬಣ್ಣ, ವಾಷರಿನ ಮುಖ, ಸ್ಪ್ರಿಂಗಿನ ಕೊಕ್ಕೆ ಎತ್ತ ಇತ್ತು ಎಂಬುದನ್ನು ತಲೆ ನೆನಪಿಡುವುದಿಲ್ಲ. ಬಿಚ್ಚಿದ್ದನ್ನು ತಗಡಿನ ಡಬ್ಬಿಗಳಿಗೆ ಹಾಕಿ, ಮೇಲೆ ಚೀಟಿ ಅಂಟಿಸಬೇಕು. ನಮ್ಮಲ್ಲಿ ಅತ್ತೆಯ ಉಪ್ಪಿನಕಾಯಿ ಜಾಡಿಗಳೂ ಈ ಕೆಲಸಕ್ಕೆ ಬಂದವು. ಅದರಿಂದ ಎದ್ದ ಜಗಳ ಬೇರೆ ವಿಷಯ.

ಮೂರನೆಯದು ಪುಲ್ಲರ್. ಯೆಜ್ಡಿಯ ರೋಟರನ್ನು ಸುತ್ತಿಗೆ ಏಟಿಗೆ ತೆಗೆಯಲು ಹೋದವರು ಕ್ರ್ಯಾಂಕನ್ನೇ ಕಳೆದುಕೊಂಡಿದ್ದಾರೆ. ಅದಕ್ಕೆಂದೇ ಒಂದು ಪುಲ್ಲರ್ ಬೋಲ್ಟ್ ಬರುತ್ತದೆ, ಹಾಕಿ ತಿರುಗಿಸಿದರೆ ರೋಟರ್ ತಾನಾಗಿ ಎದ್ದು ಬರುತ್ತದೆ. ಲೇತ್ ಅಂಗಡಿಯಲ್ಲಿ ಮಾಡಿಸಲೂಬಹುದು.

ಉಸಿರಿನ ಲೆಕ್ಕ

ಹೊಸಬನಿಗೆ ಟೂ ಸ್ಟ್ರೋಕ್ ಇಂಜಿನ್ ಯಾಕೆ ಒಗ್ಗುತ್ತದೆ? ಅದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ ಎತ್ತಿ, ಬೋರ್ ಎತ್ತಿದರೆ ಕೈಗೆ ಸಿಗುವುದು ಪಿಸ್ಟನ್ ಒಂದೇ. ಬಾಗಿಲು ತೆರೆಯುವುದೂ ಅದೇ, ಮುಚ್ಚುವುದೂ ಅದೇ.

ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಜಾಗ ಬಿಚ್ಚಿಕೊಂಡು ಕಾರ್ಬೊರೇಟರಿನಿಂದ ಗಾಳಿ, ಪೆಟ್ರೋಲು ಒಳಸೇರುತ್ತವೆ. ಇಳಿಯುವಾಗ ಅದೇ ಮಿಶ್ರಣ ಒತ್ತಿಕೊಂಡು, ಪಕ್ಕದ ದಾರಿಗಳಿಂದ ಮೇಲಕ್ಕೆ ನುಗ್ಗಿ, ಸುಟ್ಟ ಹೊಗೆಯನ್ನು ಸೈಲೆನ್ಸರಿನತ್ತ ನೂಕುತ್ತದೆ. ಅಂದರೆ ಇಂಜಿನ್ನಿನ ಕೆಳಹೊಟ್ಟೆಯೇ ಕಮ್ಮಾರನ ತಿದಿ. ತೊಗಲಿನಲ್ಲಿ ಸಣ್ಣ ತೂತು ಬಿದ್ದರೂ ಕುಲುಮೆ ಉರಿಯುವುದಿಲ್ಲ. ಈ ಉಪಾಯವನ್ನು 19ನೇ ಶತಮಾನದ ಕೊನೆಯಲ್ಲಿ ಕಂಡುಕೊಂಡವನು ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ.

ಹಳೆ ಯೆಜ್ಡಿಗಳ ಮುಕ್ಕಾಲು ಪಾಲು ಗೋಳು ಈ ತೂತಿನದ್ದೇ. ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಓಡದೆ ನಿಂತ ಗಾಡಿಯಲ್ಲಿ ಅದು ಒಣಗಿ ಸೆಟೆದುಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಇಂಜಿನ್ ಗೇರ್ ಆಯಿಲನ್ನೇ ಹೀರಿ ಊರೆಲ್ಲ ಬಿಳಿ ಹೊಗೆ ಎಬ್ಬಿಸುತ್ತದೆ. ಇದು ಕಣ್ಣಿಗೆ ಕಾಣುವ ಕಾಯಿಲೆ, ಅಷ್ಟು ಅಪಾಯವಿಲ್ಲ.

ರೋಟರ್ ಕಡೆಯ ಸೀಲ್ ಹೋಗಿದ್ದರೆ ಹೊಗೆಯೇ ಬರುವುದಿಲ್ಲ. ಬದಲಿಗೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಪೆಟ್ರೋಲಿನ ಪಾಲು ಕಮ್ಮಿಯಾಗುತ್ತದೆ, ಅದರ ಜೊತೆಗೇ ಬರುವ ಆಯಿಲೂ ಕಮ್ಮಿಯಾಗುತ್ತದೆ. ಇಂಜಿನ್ ವಿಪರೀತ ಕಾದು ಒಂದು ದಿನ ನಡುರಸ್ತೆಯಲ್ಲಿ ಪಿಸ್ಟನ್ ಜಾಮ್. ಮೆಕ್ಯಾನಿಕ್ ಬೋರ್ ಹೊಡೆಸಿ, ಹೊಸ ಪಿಸ್ಟನ್ ಹಾಕಿ ಕಳಿಸುತ್ತಾನೆ. ಸೀಲ್ ಹಳೆಯದೇ ಇರುತ್ತದೆ. ಮತ್ತೆ ಜಾಮ್. ‘ಯೆಜ್ಡಿ ಅಂದ್ರೆ ಇಷ್ಟೇ ಬಿಡಿ’ ಎಂಬ ಮಾತು ಹುಟ್ಟಿದ್ದು ಹೀಗೆ. ಗಾಡಿಗೆ ಕೆಟ್ಟ ಹೆಸರು ತಂದದ್ದು ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಬಳೆ.

ಹುಣಸೂರಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ‘ಉಸ್ತಾದ್’. ಗಾಡಿ ವಿಷಯ ಹೇಳಿದಾಗ ಅವರು ಪಿಸ್ಟನ್ ಕೇಳಲಿಲ್ಲ, ಬೋರ್ ಕೇಳಲಿಲ್ಲ.

“ಸೈಕಲ್ ಪಂಪ್ ಐತಾ ಮನೇಲಿ?” ಎಂದರು.

“ಐತೆ ಉಸ್ತಾದ್.”

“ಸೋಪು?”

ವಿಧಾನ ಇದು. ಕಾರ್ಬೊರೇಟರ್ ಕೂರುವ ಬಾಯಿಗೂ ಸೈಲೆನ್ಸರಿನ ಎರಡು ಬಾಯಿಗಳಿಗೂ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಬೇಕು. ಒಂದು ಮುಚ್ಚಳದಲ್ಲಿ ಹಳೆ ಟ್ಯೂಬಿನ ನೆಕ್ ಸಿಕ್ಕಿಸಿ, ಪಂಪಿನಿಂದ ಸ್ವಲ್ಪವೇ ಗಾಳಿ ಕೊಡಬೇಕು. 5–6 ಪಿಎಸ್‌ಐ ಸಾಕು, ಹೆಚ್ಚು ಕೊಟ್ಟರೆ ಒಳ್ಳೆಯ ಸೀಲೂ ಎದ್ದು ಬರುತ್ತದೆ. ಆಮೇಲೆ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚುತ್ತಾ ಬನ್ನಿ. ಹೆಡ್ಡಿನ ಸುತ್ತ, ಬೋರಿನ ಬುಡದ ಪ್ಯಾಕಿಂಗ್ ಸುತ್ತ, ಎರಡು ಕೇಸುಗಳು ಕೂಡುವ ಗೆರೆಯ ಉದ್ದಕ್ಕೂ.

ಮಾವನ ಗಾಡಿಯಲ್ಲಿ ನಾನು ನೋಡಿದ್ದು: ರೋಟರಿನ ಹಿಂದೆ, ಸೀಲಿನ ತುಟಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಊದಿತು, ಒಡೆಯಿತು. ಮತ್ತೆ ಊದಿತು. ಸ್ಪೀಡು, ಪವರ್ರು, ಮೈಲೇಜು ಎಂದು ವರ್ಷಗಟ್ಟಲೆ ಬೈಸಿಕೊಂಡ ಗಾಡಿಯ ಜಾತಕವೆಲ್ಲ ಆ ಗುಳ್ಳೆಯಲ್ಲಿತ್ತು.

> ಬೋರ್ ಹೊಡೆಸುವ ಮುನ್ನ
>
> ● ಮೂಲ ಅಳತೆ: ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಗಾತ್ರ 248.5 ಸಿಸಿ.
>
> ● ಓವರ್‌ಸೈಜ್ ಪಿಸ್ಟನ್‌ಗಳು ಕಾಲು ಮಿಲಿಮೀಟರಿನ ಮೆಟ್ಟಿಲಿನಲ್ಲಿ ಸಿಗುತ್ತವೆ. ಮೊದಲು ಪಿಸ್ಟನ್ ಕೊಳ್ಳಿ. ಅದನ್ನು ಬೋರಿಂಗ್ ಅಂಗಡಿಯವರ ಕೈಗೆ ಕೊಟ್ಟು, ಅದರ ಅಳತೆಗೇ ಬೋರ್ ಹೊಡೆಸಿ.
>
> ● ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಬಾಯಿ ಪಿಸ್ಟನ್ನಿನ ಪಿನ್ನಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.
>
> ● ಪೆಟ್ರೋಲಿಗೆ ಆಯಿಲ್: ಲೀಟರಿಗೆ ಸುಮಾರು 40 ಮಿ.ಲೀ. ಟೂಟಿ ಆಯಿಲ್.

ಪಾಯಿಂಟು, ಕಂಡೆನ್ಸರು ಮತ್ತು ಕಿಕ್ಕರು

ಕಿಡಿಯ ವಿಷಯಕ್ಕೆ ಬಂದರೆ ಎರಡು ಪಂಗಡ. ಹಳೆ ಪಾಯಿಂಟ್ ಕಿತ್ತುಹಾಕಿ 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ ಹಾಕಿಸುವವರು ಒಂದು ಕಡೆ. ಇದ್ದಂತೆಯೇ ಇರಲಿ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಕಡೆ. ಕಾರಣ ಭಾವುಕತೆಯಲ್ಲ. ಕೋಟೆ ಕಡೆಯ ಯಾವುದೋ ಹಳ್ಳಿಯಲ್ಲಿ ಕಿಟ್ ಕೈಕೊಟ್ಟರೆ ಗಾಡಿಯನ್ನು ತಳ್ಳುವುದೊಂದೇ ದಾರಿ. ಪಾಯಿಂಟ್ ಕೈಕೊಟ್ಟರೆ ಎಮರಿ ಪೇಪರಿನ ಒಂದು ಚೂರು ಸಾಕು.

ಪಾಯಿಂಟಿನ ಗ್ಯಾಪು 0.4 ಮಿ.ಮೀ. ಇದನ್ನು ಫೀಲರ್ ಗೇಜಿನಲ್ಲಿ ನೋಡಬೇಕು, ಅಂದಾಜಿನಲ್ಲಲ್ಲ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರ್ ಇರುವಾಗ ಪಾಯಿಂಟ್ ಬಾಯಿ ಬಿಡಬೇಕು. ಆ ಹೊತ್ತು ಗೊತ್ತಾಗಲು ನಡುವೆ ಒಂದು ಬಲ್ಬ್ ಕಟ್ಟಿಕೊಳ್ಳುವುದು ಹಳೆ ಪದ್ಧತಿ.

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಕೆಮ್ಮಿ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಏನೂ ಆಗದಂತೆ ಸ್ಟಾರ್ಟ್ ಆಗುವ ಗಾಡಿಗಳಿವೆ. ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿ ತೊಳೆದರೂ ಪ್ರಯೋಜನವಿಲ್ಲ. ಮೊದಲು ಅನುಮಾನಿಸಬೇಕಾದ್ದು ಕಂಡೆನ್ಸರನ್ನು.

ಇನ್ನು ಕಿಕ್ಕರ್. ಇವತ್ತಿನ ಹುಡುಗನ ಕೈಗೆ ಯೆಜ್ಡಿ ಕೊಟ್ಟು ಸ್ಟಾರ್ಟ್ ಮಾಡು ಎನ್ನಿ. ಬಲಗಡೆ ಹುಡುಕುತ್ತಾನೆ, ಇರುವುದಿಲ್ಲ. ಎಡಗಡೆಯ ಗೇರ್ ಲಿವರೇ ಕಿಕ್ಕರ್. ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದೆಯಬೇಕು. ಸ್ಟಾರ್ಟ್ ಆದ ಮೇಲೆ ಕಾಲಿನಿಂದ ಮುಂದಕ್ಕೆ ತಂದರೆ ಮತ್ತೆ ಗೇರ್ ಲಿವರ್. ಗೇರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುವ ಏರ್ಪಾಡೂ ಒಳಗಿದೆ. ಕೆಸರಿನ ಏರಿನಲ್ಲಿ, ಒಂದು ಕೈ ಹಿಂದಿನ ಮೂಟೆಯ ಮೇಲಿರುವಾಗ ಇದರ ಬೆಲೆ ತಿಳಿಯುತ್ತದೆ.

ಸೈಲೆನ್ಸರ್ ವಿಷಯಕ್ಕೆ ಮರಳಲೇಬೇಕು. ಟೂ ಸ್ಟ್ರೋಕ್‌ನಲ್ಲಿ ಅದು ಸದ್ದು ಅಡಗಿಸುವ ಡಬ್ಬಿ ಮಾತ್ರವಲ್ಲ, ಇಂಜಿನ್ನಿನದೇ ಒಂದು ಅಂಗ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಹೊಗೆ ಕೊಳವೆಯ ಆಕಾರವನ್ನೇ ತಿದ್ದಿ, ಅದರೊಳಗಿನ ಒತ್ತಡದ ಅಲೆ ವಾಪಸ್ ಬಂದು ತಾಜಾ ಮಿಶ್ರಣವನ್ನು ಬೋರಿನೊಳಕ್ಕೇ ತಳ್ಳುವಂತೆ ಮಾಡಿದರು. ಪುಟ್ಟ ಇಂಜಿನ್ನುಗಳು ದೊಡ್ಡವನ್ನು ಮೀರಿಸಿದವು. 1961ರಲ್ಲಿ ಸ್ವೀಡನ್ನಿನ ರೇಸಿಗೆ ಬಂದ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಅಲ್ಲಿಂದ ಹಾಗೇ ಪಶ್ಚಿಮಕ್ಕೆ ಹಾರಿದ. ಸೇರಿದ್ದು ಜಪಾನಿನ ಸುಜುಕಿ. ಮರುವರ್ಷ ಅದೇ ಕಂಪನಿಗೆ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟ. ಟೂ ಸ್ಟ್ರೋಕ್‌ನ ಗುಟ್ಟು ಹೀಗೆ ಗಡಿ ದಾಟಿತು.

ನಮ್ಮ ಯೆಜ್ಡಿಯ ಸೈಲೆನ್ಸರಿನಲ್ಲಿ ಅಂಥ ಪವಾಡವೇನಿಲ್ಲ. ಆದರೂ ಒಳಗಿನ ಕೊಳವೆ ಕರಿಯಿಂದ ಕಟ್ಟಿಕೊಂಡರೆ ಗಾಡಿ ಎಳೆಯುವುದಿಲ್ಲ. ಸದ್ದು ಜೋರಾಗಲೆಂದು ಆ ಕೊಳವೆಯನ್ನೇ ಕಿತ್ತೆಸೆದರೂ ಎಳೆಯುವುದಿಲ್ಲ. ಕಾಲೇಜು ಹುಡುಗರಿಗೆ ಇದನ್ನು ನಂಬಿಸುವುದು ಕಷ್ಟ.

ಬಣ್ಣದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ತುಕ್ಕು ಕೆರೆದು ಪ್ರೈಮರ್ ಹೊಡೆಸಿದೆ. ಟ್ಯಾಂಕಿನ ಹಳೆಯ ಬಣ್ಣ, ಮೇಲಿನ ಕೆರೆತಗಳು ಹಾಗೇ ಇವೆ. ಮಾವನಿಗೆ ಯಾವ ಕೆರೆತ ಎಲ್ಲಾದದ್ದು ಎಂದು ಗೊತ್ತು.

ಸಾಮಾನು ಎಲ್ಲಿ? ಪೆಟ್ರೋಲು ಎಂಥದ್ದು?

ಬಿಡಿಭಾಗ ಸಿಗುವುದಿಲ್ಲ ಎಂಬುದು ಅರ್ಧ ಸುಳ್ಳು. ಕೇಬಲ್, ಪ್ಯಾಕಿಂಗ್ ಸೆಟ್, ಸೀಲ್, ಪಾಯಿಂಟ್, ಕ್ಲಚ್ ಪ್ಲೇಟ್ ಮೈಸೂರಿನಲ್ಲಿ ಹುಡುಕಿದರೆ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಕಾರ್ಖಾನೆ ಕಾಲದ ಮಾಲಿಗೆ ಚಿನ್ನದ ಬೆಲೆ, ಈಗಿನ ಡೂಪ್ಲಿಕೇಟಿಗೆ ನಂಬಿಕೆ ಕಮ್ಮಿ. ನನ್ನ ಸಲಹೆ ಇಷ್ಟು: ಕಣ್ಣಿಗೆ ಕಾಣುವ ಸಾಮಾನಿನಲ್ಲಿ ಜಿಪುಣತನ ಮಾಡಿ, ಕಾಣದ್ದರಲ್ಲಿ ಬೇಡ. ಬ್ಯಾಡ್ಜು ಯಾವುದಾದರೇನು, ಬೇರಿಂಗು ಒಳ್ಳೆಯದಿರಲಿ. ಸೀಲನ್ನು ಅಳತೆ ಹೇಳಿ ದೊಡ್ಡ ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಹೆಸರಾಂತ ಕಂಪನಿಯದ್ದೇ ಸಿಗುವುದುಂಟು.

ಕ್ರ್ಯಾಂಕನ್ನು ಮಾತ್ರ ಮನೆಯಲ್ಲಿ ಮುಟ್ಟಬಾರದು. ಪಿನ್ ಒತ್ತಿ ಕೂರಿಸಿ, ಎರಡೂ ಬದಿ ಒಂದೇ ಗೆರೆಗೆ ತರುವುದಕ್ಕೆ ಪ್ರೆಸ್ ಬೇಕು, ಡಯಲ್ ಗೇಜ್ ಬೇಕು, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು.

ಹಳೆ ಗಾಡಿಗೆ ಹೊಸ ತಲೆನೋವು ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಗಾಡಿ ನಿಂತೇ ಇದ್ದರೆ ಆ ನೀರು ಟ್ಯಾಂಕಿನ ತಳ ಸೇರಿ ತುಕ್ಕಾಗುತ್ತದೆ. ಹಳೆ ಕಾಲದ ರಬ್ಬರ್ ಪೈಪು ಮೆತ್ತಗಾಗುತ್ತದೆ. ಮದ್ದು ಸರಳ. ಪೈಪುಗಳನ್ನು ಹೊಸದು ಹಾಕಿಸಿ, ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಕಾರ್ಬೊರೇಟರ್ ಬಟ್ಟಲು ಖಾಲಿಯಾಗುವವರೆಗೆ ಇಂಜಿನ್ ಓಡಿಸಿ. ಇಲ್ಲವಾದರೆ ನಿಲ್ಲಿಸಲೇಬೇಡಿ.

> ಕಾಗದ ಪತ್ರ
>
> ● ಖಾಸಗಿ ಬೈಕಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಬೈಕಿಗೆ ಇದರ ಶುಲ್ಕ 2,000 ರೂಪಾಯಿಗೆ ಏರಿತು.
>
> ● 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಹೆಚ್ಚು ಕೆಡದ ವಾಹನ ‘ವಿಂಟೇಜ್’. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅತಿ ಹಳೆಯ ರೋಡ್‌ಕಿಂಗ್‌ಗೆ 50 ತುಂಬುವುದೂ 2028ಕ್ಕೇ.
>
> ● ಹಳೆ ಗಾಡಿ ಕೊಳ್ಳುವವರು ಇಂಜಿನ್, ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿಯೇ ದುಡ್ಡು ಎಣಿಸಿ. ಕೆಎ–09 ಮೈಸೂರಿನದ್ದು, ಕೆಎ–45 ಹುಣಸೂರಿನದ್ದು.

ಹಾದಿಗೆ ಬಿದ್ದ ಮೇಲೆ

ಹೊಸ ಬೋರ್ ಹಾಕಿದ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ದಂಡಿಸಬಾರದು. ಅದಕ್ಕೆ ಗುರುಪುರದ ಸುತ್ತಲಿನ ಹಾದಿಗಳಿಗಿಂತ ಒಳ್ಳೆಯ ಜಾಗ ಸಿಗದು. 1972ರಲ್ಲಿ ಟಿಬೆಟನ್ನರಿಗಾಗಿ ಮಾಡಿದ ರಬ್ಗ್ಯೆಲಿಂಗ್ ಶಿಬಿರದ ಊರುಗಳು ಇಲ್ಲಿ ಹರಡಿಕೊಂಡಿವೆ. ಮುಸುಕಿನ ಜೋಳದ ಹೊಲಗಳ ನಡುವಿನ ದಾರಿ, ಗ್ಯುಮೆ ಮಠದ ಕಡೆಯಿಂದ ತೇಲಿಬರುವ ಕೊಂಬಿನ ಸದ್ದು, ಹುಣಸೂರು ಕಡೆಯ ಕೆಂಪು ಮಣ್ಣು. ಎರಡನೇ ಗೇರಿನಲ್ಲಿ ಎಕ್ಸಲೇಟರ್ ಹೆಚ್ಚು ತಿರುವದೆ ಗುಡುಗುಡು ಎಂದು ಸಾಗಬಹುದು. ಆರ್‌ಎಕ್ಸ್‌ನ ಹಾಗೆ ಕಿರುಚಿದರೆ ಮಾತ್ರ ಎಳೆಯುವ ಇಂಜಿನ್ ಅಲ್ಲ ಇದು. ಕೆಳಗಿನ ಓಟದಲ್ಲೇ ಇದರ ಕಸುವು.

ಒಂದು ಎಚ್ಚರಿಕೆ. ಉದ್ದನೆಯ ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರಿಸಿಕೊಂಡು ಬರಬೇಡಿ. ಪೆಟ್ರೋಲು ಬಾರದಿದ್ದರೆ ಆಯಿಲೂ ಬಾರದು, ಪಿಸ್ಟನ್ ಮಾತ್ರ ಜೋರಾಗಿ ಓಡುತ್ತಿರುತ್ತದೆ. ನಡುನಡುವೆ ಒಂದು ಸಲ ತಿರುವಿ ಬಿಡುತ್ತಿರಬೇಕು. ಹಳಬರು ಇಳಿಜಾರಿನಲ್ಲಿ ‘ರೊಯ್ ರೊಯ್’ ಅನ್ನಿಸುತ್ತಿದ್ದದ್ದು ಶೋಕಿಗಲ್ಲ.

ಇನ್ನೊಂದು: ಇಲ್ಲಿ ಟ್ರೈಲ್ ಎಂದರೆ ಕಾಡಲ್ಲ. ವೀರನಹೊಸಹಳ್ಳಿ ಆಚೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ. ಆನೆ ಕಂದಕ, ರೈಲು ಹಳಿಯ ತಡೆಗೋಡೆ ದಾಟಿ ಬೈಕು ನುಗ್ಗಿಸುವುದು ಸಾಹಸವಲ್ಲ, ಅಪರಾಧ. ಕಾಡಿನೊಳಗಿನ ಡಾಂಬರು ರಸ್ತೆಗಳಲ್ಲೂ ಸಂಜೆ ಮೇಲೆ ಸಂಚಾರ ನಿಷೇಧವಿದೆ. ನಾಲೆ ಏರಿ, ಕೆರೆ ಏರಿ, ಬಂಡಿ ಜಾಡು ಬೇಕಾದಷ್ಟಿವೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ದಿನವೆಲ್ಲ ಸುತ್ತಿದರೂ ಮುಗಿಯುವುದಿಲ್ಲ.

ದಿನಾ ಓಡಿಸುವ ಗಾಡಿಯೂ ಇದಲ್ಲ. ಒಳಬಂದ ಪೆಟ್ರೋಲಿನ ಒಂದು ಪಾಲು ಸುಡದೆಯೇ ಹೊಗೆಯ ಜೊತೆ ಹೊರಬೀಳುವುದು ಈ ಇಂಜಿನ್ನಿನ ಹುಟ್ಟುಗುಣ. ನಿಯಮಗಳು ಟೂ ಸ್ಟ್ರೋಕನ್ನು ಮೂಲೆಗೆ ತಳ್ಳಿದ್ದು ಸುಮ್ಮನೆ ಅಲ್ಲ. ವಾರಕ್ಕೊಂದು ಸುತ್ತು, ಸಂತೆಗೋ ಹೊಲಕ್ಕೋ. ಅಷ್ಟು ಸಾಕು.

ಯೆಜ್ಡಿ ಹೆಸರಿನ ಹೊಸ ಬೈಕುಗಳು 2022ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದವು, ಸ್ಕ್ರಾಂಬ್ಲರ್ ಎಂಬ ಮಾದರಿಯೂ ಅದರಲ್ಲಿತ್ತು. ಒಳ್ಳೆಯ ಗಾಡಿಗಳೇ. ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಇಂಜಿನ್, ಸೆನ್ಸರುಗಳು. ಬ್ಯಾರನ್ ಒಲೆಯಲ್ಲಿ ಅವುಗಳ ಯಾವ ಭಾಗವನ್ನೂ ಬೇಯಿಸಲಾಗದು.

ಮಾವನ ಗಾಡಿಯ ಸ್ಪೀಡೊಮೀಟರ್ ಮುಳ್ಳು ಇನ್ನೂ ಕುಣಿಯುತ್ತದೆ. ಹಾರನ್ನು ಮನಸ್ಸಾದಾಗ ಕೂಗುತ್ತದೆ. ಹೆಡ್‌ಲೈಟಿನ ಬೆಳಕಿಗಿಂತ ಬೆಳದಿಂಗಳು ವಾಸಿ. ಮುಂದಿನ ಮಡ್‌ಗಾರ್ಡ್ ಅಟ್ಟದಲ್ಲಿ ಸಿಕ್ಕಿತು, ಆದರೆ ಮಾವ ಹಾಕಲು ಬಿಡಲಿಲ್ಲ. ಈ ನಡುವೆ ಪಿರಿಯಾಪಟ್ಟಣದ ಕಡೆಯಿಂದ ಒಬ್ಬರು ಬಂದು ರೋಟರ್ ಪುಲ್ಲರ್ ಒಂದು ದಿನಕ್ಕೆಂದು ಕೇಳಿ ಒಯ್ದರು. ಅವರ ಮನೆಯಲ್ಲೂ ಒಂದು ಜಾವಾ ನಿಂತಿದೆಯಂತೆ. ಅಲ್ಲಿಂದ ಅದು ಸಾಲಿಗ್ರಾಮಕ್ಕೆ ಯಾರದೋ ಮನೆಗೆ ಹೋಗಿದೆ ಎಂದು ಸುದ್ದಿ. ಉಸ್ತಾದ್ ಇನ್ನೊಂದು ಮಾಡಿಸಿಕೋ ಎಂದಿದ್ದಾರೆ.